ರಿಲೇಶನ್ ಮತ್ತು ರಿಲೇಶನ್‌ಶಿಪ್

ಕೋಷ್ಟಕಗಳ ನಡುವೆ ಸಂಬಂಧವಿರುವುದರಿಂದಲೇ ‘ರಿಲೇಶನಲ್’ ಡೇಟಾಬೇಸ್ ಎಂಬ ಹೆಸರು ಬಂತೆಂದು ಎಷ್ಟೋ ವಿದ್ಯಾರ್ಥಿಗಳು ನಂಬಿರುತ್ತಾರೆ. ಅದು ತಪ್ಪು. 1970ರಲ್ಲಿ ಎಡ್ಗರ್ ಕಾಡ್ ಈ ಪದವನ್ನು ತಂದದ್ದು ಗಣಿತದ ಗಣ ಸಿದ್ಧಾಂತದಿಂದ. ಅಲ್ಲಿಯ ರಿಲೇಶನ್ ಡೇಟಾಬೇಸಿನಲ್ಲಿ ಕಾಣಿಸಿಕೊಳ್ಳುವುದು ಕೋಷ್ಟಕವಾಗಿಯೇ. ವಿದ್ಯಾರ್ಥಿ, ವಿಷಯದಂಥ ಎಂಟಿಟಿಗಳನ್ನು ಆಯತದಲ್ಲಿ ಬರೆದು, ಅವುಗಳ ನಡುವಿನ ನಂಟನ್ನು ರಿಲೇಶನ್‌ಶಿಪ್ ಎಂದು ಕರೆದು, ವಜ್ರಾಕೃತಿಯಲ್ಲಿ ಬರೆದು ತೋರಿಸಿದ್ದು 1976ರಲ್ಲಿ ಪೀಟರ್ ಚೆನ್.

ಕೊನೆಗೆ ಎರಡೂ ಕೋಷ್ಟಕವೇ ಆಗುವುದಾದರೆ ಈ ಭೇದವೇಕೆ ಎಂದು ಕೇಳಬಹುದು. ಆದರೆ ಎಲ್ಲ ನಂಟೂ ಕೋಷ್ಟಕವಾಗುವುದಿಲ್ಲ. ಒಂದು ವಿಭಾಗಕ್ಕೆ ಹಲವು ನೌಕರರಿದ್ದರೆ, ನೌಕರರ ಕೋಷ್ಟಕದಲ್ಲಿ ವಿಭಾಗದ ಸಂಖ್ಯೆಯನ್ನು ಫಾರಿನ್ ಕೀ ಆಗಿ ಸೇರಿಸಿದರೆ ಸಾಕು. ವಿದ್ಯಾರ್ಥಿಗೂ ವಿಷಯಕ್ಕೂ ಇರುವ ನಂಟು ಹಾಗಲ್ಲ: ಒಬ್ಬರಿಗೆ ಹಲವು ವಿಷಯ, ಒಂದು ವಿಷಯಕ್ಕೆ ಹಲವರು. ಹಾಗಾದರೆ ಅಂಕವನ್ನು ಎಲ್ಲಿ ಬರೆಯುವುದು? ವಿದ್ಯಾರ್ಥಿಯ ಆಯತದಲ್ಲಿಟ್ಟರೆ ಯಾವ ವಿಷಯದ್ದೆಂದು ತಿಳಿಯದು, ವಿಷಯದ ಆಯತದಲ್ಲಿಟ್ಟರೆ ಯಾರದ್ದೆಂದು ತಿಳಿಯದು. ಅದು ‘ನೋಂದಣಿ’ ಎಂಬ ವಜ್ರಾಕೃತಿಗೇ ಸೇರಬೇಕು. ಇಂಥ ನಂಟಿಗೆ ಸ್ವಂತ ಕೋಷ್ಟಕ ಬೇಕೇ ಬೇಕು. ಇಂಥ ಚಿತ್ರ ಬರೆಯಲು ಈಗ ಹೆಚ್ಚು ಬಳಕೆಯಲ್ಲಿರುವ ಕಾಗೆಪಾದದ (ಕ್ರೋಸ್ ಫೂಟ್) ಗುರುತಿನಲ್ಲಿ ವಜ್ರಾಕೃತಿಯೇ ಇಲ್ಲ, ಬರೀ ಗೆರೆ. ಪಳಗಿದವರಿಗೆ ಅದು ಸಲೀಸು. ಕಲಿಯುವವರು ಮಾತ್ರ ಮೊದಲು ಚೆನ್ ಪದ್ಧತಿಯಲ್ಲೇ ಬರೆಯಬೇಕು. ಬರೀ ಗೆರೆಯಲ್ಲಿ ಅಂಕ ಬರೆಯಲು ಜಾಗವಿಲ್ಲ.