ಒಂದು ಫ್ಲೋರಿನ್ನಿಗೆ ಕೊಂಡ ಶಿಖರ

1895ರ ಏಪ್ರಿಲ್ ತಿಂಗಳಲ್ಲಿ ದೋವ್ಯೆ ಎಂಬ ಸಣ್ಣ ಹಳ್ಳಿಯ ಪಾದ್ರಿಯೊಬ್ಬರು ಊರಿನ ಪಂಚಾಯಿತಿಯಿಂದ ಒಂದು ತುಂಡು ಜಾಗ ಕೊಂಡರು. ಹದಿನಾರೂವರೆ ಚದರ ಮೀಟರ್, ಬೆಲೆ ಒಂದು ಫ್ಲೋರಿನ್. ಮುಂಬಯಿ ಲೆಕ್ಕದಲ್ಲಿ ಸುಮಾರು 178 ಚದರ ಅಡಿ, ಅಂದರೆ ಚಾಳಿನ ಒಂದು ಖೋಲಿಯಷ್ಟು. ಬೆಳೆ ಬೆಳೆಯುವ ಜಾಗವಲ್ಲ, ಮನೆ ಕಟ್ಟುವ ಜಾಗವೂ ಅಲ್ಲ. ಸಮುದ್ರಮಟ್ಟದಿಂದ 2864 ಮೀಟರ್ ಎತ್ತರದಲ್ಲಿ ಬೋಳು ಸುಣ್ಣದ ಕಲ್ಲು, ಅಷ್ಟೇ. ಅದು ತ್ರಿಗ್ಲಾವ್ ಪರ್ವತದ ನೆತ್ತಿ. ಕೊಂಡವರ ಹೆಸರು ಯಾಕೋಬ್ ಅಲ್ಯಾಜ್.

ತ್ರಿಗ್ಲಾವ್ ಇರುವುದು ಈಗಿನ ಸ್ಲೊವೇನಿಯಾದಲ್ಲಿ, ಜೂಲಿಯನ್ ಆಲ್ಪ್ಸ್ ಎಂಬ ಶ್ರೇಣಿಯಲ್ಲಿ. ಹೆಸರಿನ ಅರ್ಥ ಮೂರು ತಲೆಯದು. ಆ 'ತ್ರಿ' ನಮ್ಮ ತ್ರಿಶೂಲದ 'ತ್ರಿ'ಗೆ ದೂರದ ನೆಂಟನೇ. ದೇಶದ ಒಟ್ಟು ಜನಸಂಖ್ಯೆ ಇಪ್ಪತ್ತು ಲಕ್ಷ ಚಿಲ್ಲರೆ. ಅಂಧೇರಿಯಿಂದ ಬೊರಿವಲಿಯೊಳಗೆ ಅಷ್ಟು ಜನ ಸಿಕ್ಕಾರು. ಅಲ್ಯಾಜ್ ಅವರ ಕಾಲದಲ್ಲಿ ಸ್ಲೊವೇನಿಯಾ ಎಂಬ ದೇಶವೇ ಇರಲಿಲ್ಲ, ಇದ್ದದ್ದು ಆಸ್ಟ್ರಿಯಾ ಸಾಮ್ರಾಜ್ಯ. ಕಚೇರಿಗಳಲ್ಲಿ, ದೊಡ್ಡ ಶಾಲೆಗಳಲ್ಲಿ, ಪೇಟೆಯ ಸಭ್ಯರ ಮನೆಗಳಲ್ಲಿ ಜರ್ಮನ್ ಭಾಷೆ. ಹೊಲದಲ್ಲಿ, ಚರ್ಚಿನ ಪ್ರಾರ್ಥನೆಯಲ್ಲಿ, ಅಡುಗೆಮನೆಯಲ್ಲಿ ಸ್ಲೊವೇನ್. ಇಂಥ ಪಾಲುಪಟ್ಟಿ ಹೇಗಿರುತ್ತದೆ ಎಂದು ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು ಕಲ್ಲಿನ ಮಾತು. ಮುಂಬಯಿ, ಪುಣೆಯವರು ಹತ್ತುವ ಸಹ್ಯಾದ್ರಿಯ ಕೋಟೆಗಳು ಲಾವಾ ಹೆಪ್ಪುಗಟ್ಟಿದ ಕರಿಕಲ್ಲಿನವು. ಆ ಕಲ್ಲನ್ನು ಕಡೆದು ತೊಟ್ಟಿ ಮಾಡಿದರೆ ಮಳೆಗಾಲದ ನೀರು ಬೇಸಗೆಯವರೆಗೂ ನಿಲ್ಲುತ್ತದೆ. ಸುಣ್ಣದ ಕಲ್ಲಿನ ಗುಣ ಇದಕ್ಕೆ ತಿರುವುಮುರುವು. ಮಳೆನೀರು ಅದನ್ನು ನಿಧಾನಕ್ಕೆ ಕರಗಿಸಿ ಬಿರುಕು ಮಾಡಿಕೊಂಡು ಒಳಗಿಳಿದುಬಿಡುತ್ತದೆ. ಮೇಲೆ ಒಣಗಿದ ಬೋಳು ಬಂಡೆ, ಒಳಗೆ ಗುಹೆ, ಕೆಳಗೆ ಕಣಿವೆಯಲ್ಲಿ ಎಲ್ಲಿಂದಲೋ ಭೋರೆಂದು ಉಕ್ಕುವ ಹೊಳೆ. ಉತ್ತರ ಕನ್ನಡದ ಯಾಣದ ಚೂಪು ಬಂಡೆಗಳನ್ನು ನೋಡಿದವರಿಗೆ ಸುಣ್ಣದ ಕಲ್ಲನ್ನು ನೀರು ಹೇಗೆ ಕೆತ್ತುತ್ತದೆ ಎಂಬ ಅಂದಾಜು ಇರುತ್ತದೆ. ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಇಂಥ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರಲ್ಲ, ಆ ಹೆಸರು ಬಂದದ್ದೇ ಸ್ಲೊವೇನಿಯಾದ ಕ್ರಾಸ್ ಎಂಬ ಸೀಮೆಯಿಂದ. ಪದ ಅವರ ನೆಲದ್ದು, ಲೋಕಕ್ಕೆ ಹರಡಿದ್ದು ಮಾತ್ರ ಅದರ ಜರ್ಮನ್ ರೂಪ. ಮುಂದಿನ ಕಥೆಯೂ ಸ್ವಲ್ಪ ಹಾಗೆಯೇ.

ಇಂಥ ಬೆಟ್ಟದಲ್ಲಿ ಚಾರಣ ಮಾಡುವವನಿಗೆ ನೀರಿಲ್ಲ, ನೆರಳಿಲ್ಲ, ಕಾಲಡಿಯ ಜಲ್ಲಿ ಜಾರುತ್ತದೆ. ಆದ್ದರಿಂದ ತಂಗುಮನೆಗಳು ಬೇಕು, ದಾರಿಯ ಗುರುತು ಬೇಕು, ಕಡಿದಾದ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಗೂಟ, ತಂತಿ ಬೇಕು. ಮನೆ ಕಟ್ಟಿದವನು ಅದಕ್ಕೆ ಹೆಸರಿಡುತ್ತಾನೆ. ಕೈಮರ ನೆಟ್ಟವನು ತನ್ನ ಭಾಷೆಯಲ್ಲಿ ಬರೆಯುತ್ತಾನೆ. ಜಗಳ ಹುಟ್ಟಿದ್ದು ಇಲ್ಲಿಂದ.

ತ್ರಿಗ್ಲಾವ್‌ನ ನೆತ್ತಿಯನ್ನು ಮೊದಲು ಮುಟ್ಟಿದ್ದು 1778ರ ಆಗಸ್ಟ್ 26ರಂದು. ಮೋಂಟ್ ಬ್ಲಾಂಕ್ ಏರಿದ್ದಕ್ಕಿಂತ ಎಂಟು ವರ್ಷ ಮೊದಲು ಎಂಬುದನ್ನು ಗಮನಿಸಬೇಕು. ಇದರ ಹಿಂದೆ ಇದ್ದವರು ಜಿಗ್ಮುಂಡ್ ಜೋಯ್ಸ್ ಎಂಬ ಶ್ರೀಮಂತರು. ಕಬ್ಬಿಣದ ಕಾರ್ಖಾನೆಗಳ ಒಡೆಯರು, ಗಿಡ ಕಲ್ಲುಗಳ ಹುಚ್ಚಿನವರು, ಸ್ಲೊವೇನ್ ಬರಹಗಾರರಿಗೆ ಆಸರೆಯಾಗಿದ್ದವರು. ಆದರೆ ಏರಿದ್ದು ಅವರಲ್ಲ. ಬೊಹೀನ್ಯ್ ಕಣಿವೆಯ ನಾಲ್ವರು: ಶಸ್ತ್ರವೈದ್ಯ ಲೊವ್ರೆಂಟ್ಸ್ ವಿಲ್ಲೊಮಿಟ್ಸರ್, ಬೇಟೆಗಾರ ಶ್ಟೆಫಾನ್ ರೋಜಿಚ್, ಗಣಿ ಕೆಲಸದ ಲುಕಾ ಕೊರೋಶೆಟ್ಸ್ ಮತ್ತು ಮಾತೆವ್ಜ್ ಕೋಸ್. ಬೆಟ್ಟ ಹತ್ತುವುದು ಹವ್ಯಾಸವೆಂದು ಈ ಮೂವರು ಕೂಲಿಕಾರರಿಗೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ಕಾಡುಮೇಕೆಯ ಹಿಂದೆ, ಅದಿರಿನ ಹಿಂದೆ ಓಡಾಡಿ ಕಾಲಿಗೆ ಅಭ್ಯಾಸವಾಗಿತ್ತು, ಹೇಳಿದರು, ಹೋದರು. ನಾಲ್ವರಿಗೂ ಸೇರಿ ಬೊಹೀನ್ಯ್ ಸರೋವರದ ದಡದಲ್ಲಿ ಸ್ಮಾರಕ ಎದ್ದದ್ದು 1978ರಲ್ಲಿ, ಇನ್ನೂರು ವರ್ಷ ಕಳೆದ ಮೇಲೆ.

ಹತ್ತೊಂಬತ್ತನೇ ಶತಮಾನದಲ್ಲಿ ಆಲ್ಪ್ಸ್ ಏರುವುದು ಪೇಟೆಯವರ ಶೋಕಿಯಾಯಿತು. ಜರ್ಮನ್ ಮಾತಿನ ಪರ್ವತ ಸಂಘಗಳ ಬಳಿ ದುಡ್ಡಿತ್ತು, ಶಿಸ್ತಿತ್ತು. ಅವರು ತ್ರಿಗ್ಲಾವ್‌ನ ಸುತ್ತ ತಂಗುಮನೆಗಳನ್ನು ಕಟ್ಟಿದರು. ಒಂದಕ್ಕೆ ರಾಣಿ ಮರಿಯಾ ತೆರೇಸಾಳ ಹೆಸರು. 1887ರಲ್ಲಿ ಕಟ್ಟಿದ ಇನ್ನೊಂದಕ್ಕೆ ಕಾರ್ಲ್ ಡೆಶ್‌ಮಾನ್ ಹೆಸರು. ಈ ಡೆಶ್‌ಮಾನ್ ಕುತೂಹಲದ ಮನುಷ್ಯ. ಹುಟ್ಟಿನಿಂದ ಸ್ಲೊವೇನ್, ಹರೆಯದಲ್ಲಿ ಆ ಭಾಷೆಯಲ್ಲೇ ಕವಿತೆ ಬರೆದವರು, ಹೆಸರು ದ್ರಾಗೋತಿನ್ ದೆಜ್‌ಮಾನ್. 1861ರ ಹೊತ್ತಿಗೆ ಜರ್ಮನ್ ಪಕ್ಷಕ್ಕೆ ಸೇರಿಕೊಂಡರು. ಆಮೇಲೆ ಲ್ಯುಬ್ಲ್ಯಾನಾದ ಮೇಯರ್ ಆದರು, ಪ್ರಾಂತದ ವಸ್ತುಸಂಗ್ರಹಾಲಯವನ್ನು ನೋಡಿಕೊಂಡರು, ಲ್ಯುಬ್ಲ್ಯಾನಾದ ಜೌಗಿನಲ್ಲಿ ಪ್ರಾಚೀನ ಕಾಲದ ಕಂಬಮನೆಗಳ ಅವಶೇಷ ಅಗೆಸಿದರು. ವಿದ್ವಾಂಸ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಸ್ಲೊವೇನರ ಬಾಯಲ್ಲಿ ಆ ಹೆಸರು ದ್ರೋಹಿಯ ಹೆಸರಾಯಿತು. ತಮ್ಮ ಬೆಟ್ಟದ ಮೇಲೆ ಆ ಹೆಸರಿನ ಬೋರ್ಡು ಓದಿಕೊಂಡು ಒಳಹೋಗುವಾಗ ಅವರಿಗೆ ಏನನ್ನಿಸಿರಬಹುದು, ಊಹಿಸಿ.

ಉತ್ತರ ಬಂದದ್ದು ತಮಾಷೆಯ ರೀತಿಯಲ್ಲಿ. 1892ರಲ್ಲಿ ಲ್ಯುಬ್ಲ್ಯಾನಾದ ಕೆಲವು ಗೆಳೆಯರು 'ಪೈಪಿನವರು' ಎಂದು ಒಂದು ಕೂಟ ಮಾಡಿಕೊಂಡರು. ವಾರದ ರಜೆಗೆ ಬೆಟ್ಟಕ್ಕೆ ಹೋಗುವುದು. ಪ್ರತಿಯೊಬ್ಬನೂ ಪೈಪು, ತಂಬಾಕು, ಬೆಂಕಿಪೊಟ್ಟಣ ತಂದಿರಬೇಕು, ಮರೆತವನಿಗೆ ದಂಡ. ಇಷ್ಟೇ ನಿಯಮ. ಈ ಹೊಗೆಯ ಗೋಷ್ಠಿಯಲ್ಲೇ, ಸ್ತೋಲ್ ಎಂಬ ಬೆಟ್ಟದ ಮೇಲೆ, ನಮ್ಮದೂ ಒಂದು ಪರ್ವತ ಸಂಘ ಬೇಕು ಎಂಬ ಮಾತು ಹುಟ್ಟಿತಂತೆ. 1893ರ ಫೆಬ್ರವರಿ 27ರಂದು ಸ್ಲೊವೇನ್ ಪರ್ವತ ಸಂಘ ಶುರುವಾಯಿತು. ಮರುವರ್ಷ ಚೆರ್ನಾ ಪ್ರ್ಸ್ತ್ ಎಂಬ ಬೆಟ್ಟದ ಮೇಲೆ ಮೊದಲ ತಂಗುಮನೆ. 1895ರಲ್ಲಿ 'ಪ್ಲಾನಿನ್ಸ್ಕಿ ವೆಸ್ತ್‌ನಿಕ್' ಎಂಬ ಪತ್ರಿಕೆ, ಅದು ಇವತ್ತಿಗೂ ಬರುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ದಾರಿಗಳ ಉದ್ದಕ್ಕೂ ಸ್ಲೊವೇನ್ ಭಾಷೆಯ ಕೈಮರಗಳು. ಗಡಿ ಜಿಲ್ಲೆಗಳಲ್ಲಿ ಬೋರ್ಡಿಗೆ ಮಸಿ ಬಳಿಯುವುದನ್ನು ನಾವು ನೋಡಿದ್ದೇವೆ. ಮಸಿ ಬಳಿಯಲು ಒಂದು ರಾತ್ರಿ ಸಾಕು. ಎರಡು ಸಾವಿರ ಮೀಟರ್ ಎತ್ತರಕ್ಕೆ ಹಲಗೆ ಹೊತ್ತು, ಗುಂಡಿ ತೋಡಿ ನಿಲ್ಲಿಸುವುದು ಬೇರೆ ಜಾತಿಯ ಕೆಲಸ.

ಈಗ ಪಾದ್ರಿಗಳ ವಿಷಯಕ್ಕೆ ಬರೋಣ. ಅಲ್ಯಾಜ್ ಹುಟ್ಟಿದ್ದು 1845ರಲ್ಲಿ, ದೋವ್ಯೆಗೆ ಬಂದದ್ದು 1889ರಲ್ಲಿ. ಸಂಗೀತದ ಗೀಳು, ಹಾಡುಗಳಿಗೆ ರಾಗ ಕಟ್ಟುವವರು. ತ್ರಿಗ್ಲಾವ್ ನನ್ನ ಮನೆ ಎಂದು ಶುರುವಾಗುವ ಹಾಡಿಗೆ ಇವರು ಕಟ್ಟಿದ ರಾಗ ಸ್ಲೊವೇನ್ ಚಾರಣಿಗರಿಗೆ ನಾಡಗೀತೆ ಇದ್ದ ಹಾಗೆ. ಅವರ ಕಿಟಕಿಯಿಂದ ಕಾಣುವ ಬೆಟ್ಟಗಳ ಮೇಲೆ ಜರ್ಮನ್ ಸಂಘದ ಯಜಮಾನಿಕೆ ಬೆಳೆಯುತ್ತಿತ್ತು. ಭಾಷಣ ಮಾಡಲಿಲ್ಲ, ನೆತ್ತಿಯನ್ನೇ ಕೊಂಡುಕೊಂಡರು. ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ. ಶಿಖರಕ್ಕೂ ಒಂದು ಕ್ರಯಪತ್ರ ಇರಬಹುದು ಎಂದು ಹೊಳೆದದ್ದು ಕವಿಗಲ್ಲ, ಊರಿನ ಜನನ ಮರಣದ ದಫ್ತರ ಇಟ್ಟುಕೊಂಡಿದ್ದ ಪಾದ್ರಿಗೆ.

ಕೊಂಡ ಜಾಗದಲ್ಲಿ ಏನು ಮಾಡುವುದು? ಒಂದು ಗೋಪುರದ ನಕ್ಷೆ ತಾವೇ ಬರೆದರು. ಉರುಳೆಯಾಕಾರದ ತಗಡಿನ ಗೂಡು, ಮೇಲೆ ಮೊನಚು ಟೋಪಿ, ಅದರ ಮೇಲೆ ಪುಟ್ಟ ಬಾವುಟ. ಎತ್ತರ ಎರಡು ಮೀಟರಿಗೆ ತುಸು ಕಡಿಮೆ, ಒಳಗೆ ನಾಲ್ಕು ಜನ ಒತ್ತಿಕೊಂಡು ನಿಂತರೆ ಮುಗಿಯಿತು. ಆಂತೋನ್ ಬೆಲೆಟ್ಸ್ ಎಂಬ ತಗಡಿನ ಕೆಲಸದವರು ಅದನ್ನು ಬಿಡಿಬಿಡಿಯಾಗಿ ಮಾಡಿಕೊಟ್ಟರು. ಭಾಗಗಳನ್ನು ಹಮಾಲರು ಬೆನ್ನ ಮೇಲೆ ಹೊತ್ತು ಮೇಲೇರಿಸಿದರು. 1895ರ ಆಗಸ್ಟ್ 7ರಂದು ಕೆಲವೇ ಗಂಟೆಗಳಲ್ಲಿ ಜೋಡಿಸಿ ನಿಲ್ಲಿಸಿದರು. ದೊಡ್ಡ ಕಟ್ಟಡವೇನಲ್ಲ, ಫೋಟೋದಲ್ಲಿ ನೋಡಿದರೆ ನಮ್ಮೂರ ನೀರಿನ ಡ್ರಮ್ಮಿಗೆ ಕೊಡೆ ಹಿಡಿದ ಹಾಗಿದೆ. ಆದರೆ ಅದರ ಕೆಳಗಿನ ನೆಲದ ಕಾಗದ ಪಾದ್ರಿಯ ಹೆಸರಿನಲ್ಲಿತ್ತು. ಸರ್ಕಾರದ ಸರ್ವೆ ಗುರುತನ್ನು ಹಾಳುಮಾಡಿದ್ದಾರೆ ಎಂದು ಎದುರಾಳಿಗಳು ದೂರು ಕೊಟ್ಟು ನೋಡಿದರು. ಗೋಪುರ ಅಲ್ಲಾಡಲಿಲ್ಲ.

ಮರುವರ್ಷ, 1896ರ ಆಗಸ್ಟ್‌ನಲ್ಲಿ, ನೆತ್ತಿಗೆ ಸ್ವಲ್ಪ ಕೆಳಗೆ ಕ್ರೆದಾರಿತ್ಸಾ ಎಂಬಲ್ಲಿ ಸ್ಲೊವೇನರ ತಂಗುಮನೆ ಬಾಗಿಲು ತೆರೆಯಿತು. 2515 ಮೀಟರ್, ಇವತ್ತಿಗೂ ದೇಶದ ಅತಿ ಎತ್ತರದ ತಂಗುಮನೆ ಅದೇ. ಎತ್ತರದ ವಿಷಯದಲ್ಲಿ ಡೆಶ್‌ಮಾನ್ ಮನೆ ಸೋತಿತು. ಬೆಟ್ಟದ ಉತ್ತರ ಗೋಡೆಯಲ್ಲೂ ಇದೇ ಪೈಪೋಟಿಯ ನೆನಪಿದೆ. ಸಾವಿರ ಮೀಟರ್ ಎತ್ತರ, ಸುಮಾರು ಮೂರು ಕಿಲೋಮೀಟರ್ ಅಗಲದ ಸುಣ್ಣದ ಕಲ್ಲಿನ ಗೋಡೆ ಅದು. 1890ರಲ್ಲಿ ಅದನ್ನು ಮೊದಲು ಹತ್ತಿದ ಕೀರ್ತಿ ಟ್ರೆಂಟಾ ಕಣಿವೆಯ ಬೇಟೆಗಾರ ಇವಾನ್ ಬೆರ್ಗಿಂಟ್ಸ್‌ಗೆ ಸಲ್ಲುತ್ತದೆ, ಆ ದಾರಿಯ ಹೆಸರು ಸ್ಲೊವೇನ್ ದಾರಿ. 1906ರಲ್ಲಿ ಮೂವರು ಏರಿದ ಬೇರೊಂದು ದಾರಿಯ ಹೆಸರು ಜರ್ಮನ್ ದಾರಿ. ಒಂದೇ ಗೋಡೆ, ಎರಡು ಭಾಷೆ.

ಇವರ ನಡುವೆ ಯಾರ ಕಡೆಗೂ ಸೇರದ ಒಬ್ಬರಿದ್ದರು, ಯೂಲಿಯುಸ್ ಕೂಗಿ. ತ್ರಿಯೆಸ್ತೆ ಬಂದರಿನ ವ್ಯಾಪಾರಿ, ಜರ್ಮನ್‌ನಲ್ಲಿ ಬರೆಯುವವರು, ಸ್ಲೊವೇನ್, ಇಟಾಲಿಯನ್ ಎರಡನ್ನೂ ಬಲ್ಲವರು. ಹಕೆ ಎಂಬ ಹಿಂದಿನ ಕಾಲದ ವೈದ್ಯರೊಬ್ಬರು ಟ್ರೆಂಟಾದಲ್ಲಿ ಕಂಡೆನೆಂದು ಬರೆದಿಟ್ಟ ಒಂದು ಹೂವನ್ನು ಹುಡುಕುತ್ತಾ ಕೂಗಿ ಈ ಬೆಟ್ಟಗಳಿಗೆ ಬಿದ್ದರು. ವರ್ಷಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಅದು ಹೊಸ ಜಾತಿಯೇ ಅಲ್ಲ, ಆಗಲೇ ಗೊತ್ತಿದ್ದ ಬೇರೊಂದು ಗಿಡ ಎಂದು ಕಡೆಗೆ ಸಸ್ಯಶಾಸ್ತ್ರಜ್ಞರು ಹೇಳಿದರು. ಅಷ್ಟರಲ್ಲಿ ಅವರು ಶ್ರೇಣಿಯ ಮೂಲೆ ಮೂಲೆ ತಿರುಗಿಯಾಗಿತ್ತು. ತಮ್ಮ ಜೊತೆ ಬಂದ ಟ್ರೆಂಟಾದ ಬೇಟೆಗಾರರನ್ನು ಕೂಲಿಗಳೆಂದು ಬರೆಯಲಿಲ್ಲ, ಗೆಳೆಯರೆಂದು ಬರೆದರು. 1953ರಲ್ಲಿ ಅದೇ ಕಣಿವೆಯಲ್ಲಿ ಅವರ ಪ್ರತಿಮೆ ನಿಂತಿತು. ಕುಳಿತು ಬೆಟ್ಟ ನೋಡುತ್ತಿರುವ ಪ್ರತಿಮೆ.

ಮೊದಲ ಮಹಾಯುದ್ಧದಲ್ಲಿ ಈ ಬೆಟ್ಟಗಳಲ್ಲೇ ಇಟಲಿ, ಆಸ್ಟ್ರಿಯಾ ಸೈನ್ಯಗಳು ಬಡಿದಾಡಿದವು. ವ್ರ್ಶಿಚ್ ಕಣಿವೆದಾರಿಗೆ ರಸ್ತೆ ಮಾಡುತ್ತಿದ್ದ ರಷ್ಯನ್ ಯುದ್ಧಕೈದಿಗಳ ಮೇಲೆ 1916ರ ಮಾರ್ಚ್‌ನಲ್ಲಿ ಹಿಮಪಾತವಾಗಿ ಬಹಳ ಜನ ಸತ್ತರು. ಉಳಿದವರು ಕಟ್ಟಿದ ಮರದ ಪ್ರಾರ್ಥನಾಮಂದಿರ ಇನ್ನೂ ಇದೆ. ಈಗ ಬೈಕಿನಲ್ಲಿ ಆ ತಿರುವುಗಳನ್ನು ಸುತ್ತುವವರಲ್ಲಿ ಎಷ್ಟು ಜನ ಅಲ್ಲಿ ನಿಲ್ಲುತ್ತಾರೋ.

1920ರ ಒಪ್ಪಂದದಲ್ಲಿ ಗಡಿರೇಖೆ ತ್ರಿಗ್ಲಾವ್‌ನ ನೆತ್ತಿಯ ಮೇಲೆಯೇ ಹಾದುಹೋಯಿತು. ಪೂರ್ವಕ್ಕೆ ಯುಗೋಸ್ಲಾವಿಯಾ ಆಗಲಿದ್ದ ರಾಜ್ಯ, ಪಶ್ಚಿಮಕ್ಕೆ ಇಟಲಿ. ಇಟಲಿಯ ಪಾಲಿಗೆ ಹೋದ ಸ್ಲೊವೇನರಿಗೆ ಫ್ಯಾಸಿಸ್ಟರ ಕಾಲದಲ್ಲಿ ಶಾಲೆಯಲ್ಲಿ ತಮ್ಮ ಭಾಷೆಯಿಲ್ಲ, ಸಂಘಗಳಿಗೆ ಬೀಗ, ಊರುಗಳ, ಮನೆತನಗಳ ಹೆಸರೂ ಇಟಾಲಿಯನ್. ಪೂರ್ವದ ಕಡೆ? ಅಲ್ಲಿ ಗೆದ್ದವರು ಸ್ಲೊವೇನರು. ಡೆಶ್‌ಮಾನ್ ಮನೆಗೆ ವಾಲೆಂತಿನ್ ಸ್ತಾನಿಚ್ ಹೆಸರಿಟ್ಟರು, 1808ರಲ್ಲಿ ತ್ರಿಗ್ಲಾವ್ ಏರಿ ಎತ್ತರ ಅಳೆದ ಪಾದ್ರಿ ಅವರು. ಒಳ್ಳೆಯ ಹೆಸರೇ, ಆದರೆ ಡೆಶ್‌ಮಾನ್ ಅಳಿಸಿಹೋದದ್ದೂ ನಿಜ. ಮರಿಯಾ ತೆರೇಸಾ ಮನೆ ದೊರೆ ಅಲೆಕ್ಸಾಂಡರನ ಮನೆಯಾಯಿತು. ಆ ದೊರೆಯ ಕಾಲವೂ ಮುಗಿದ ಮೇಲೆ ಅದಕ್ಕೆ ಪ್ಲಾನಿಕಾ ಎಂದು ಹೆಸರಾಯಿತು, ಎತ್ತರದಲ್ಲಿ ಬೆಳೆಯುವ ಬಿಳಿ ಹೂವೊಂದರ ಹೆಸರು. ರಾಣಿ, ರಾಜ, ಆಮೇಲೆ ಹೂವು. ಮೂರನೆಯದನ್ನು ಬದಲಿಸಬೇಕೆಂದು ಇದುವರೆಗೆ ಯಾರಿಗೂ ಅನ್ನಿಸಿಲ್ಲ.

ದಾರಿಯ ಗುರುತಿಗೂ ಭಾಷೆಯಿಲ್ಲದ ಒಂದು ಉಪಾಯ ಸಿಕ್ಕಿತು. 1922ರಲ್ಲಿ ಅಲೋಯ್ಜ್ ಕ್ನಾಫೆಲ್ಟ್ಸ್ ಎಂಬವರು ಕೆಂಪು ಬಳೆ, ನಡುವೆ ಬಿಳಿ ಚುಕ್ಕೆಯ ಗುರುತನ್ನು ಸೂಚಿಸಿದರು. ಇಂದು ಸ್ಲೊವೇನಿಯಾದ ಬೆಟ್ಟದಾರಿಗಳಲ್ಲಿ ಬಂಡೆ, ಮರಗಳ ಮೇಲೆ ಕಾಣುವುದು ಅದೇ. 1953ರಲ್ಲಿ ಆ ಗುರುತು ಹಿಡಿದು ಮಾರಿಬೋರ್ ನಗರದಿಂದ ಸಮುದ್ರದವರೆಗೆ ಒಂದು ಉದ್ದನೆಯ ಚಾರಣದ ದಾರಿ ಆಯಿತು. ತಂಗುಮನೆಗಳಲ್ಲಿ ಪುಟ್ಟ ಪುಸ್ತಕಕ್ಕೆ ಠಸ್ಸೆ ಹಾಕಿಸಿಕೊಂಡು ಹೋಗುವುದು, ವರ್ಷಗಟ್ಟಲೆ ಕಂತಿನಲ್ಲಿ ಮುಗಿಸುವುದು ಅಲ್ಲಿಯವರ ರೂಢಿ.

1947ರಲ್ಲಿ ಗಡಿ ಪಶ್ಚಿಮಕ್ಕೆ ಸರಿಯಿತು. 1991ರಲ್ಲಿ ದೇಶ ಸ್ವತಂತ್ರವಾದಾಗ ಅದರ ಲಾಂಛನದಲ್ಲಿ ತ್ರಿಗ್ಲಾವ್‌ನ ಮೂರು ತಲೆ ಬಂತು, ಬಾವುಟದ ಮೇಲೂ ಬಂತು. 2007ರಿಂದ ಐವತ್ತು ಸೆಂಟಿನ ನಾಣ್ಯದ ಮೇಲೆ ಬೆಟ್ಟದ ಜೊತೆ ಆ ಹಾಡಿನ ಮೊದಲ ಮಾತೂ ಇದೆ. ಸ್ಲೊವೇನ್ ಎನ್ನಿಸಿಕೊಳ್ಳಬೇಕಾದರೆ ಒಮ್ಮೆ ತ್ರಿಗ್ಲಾವ್ ಹತ್ತಿರಬೇಕು ಎಂಬ ಮಾತು ಅಲ್ಲಿದೆ. ಮೊದಲ ಸಲ ಹತ್ತಿದವರಿಗೆ ಮೇಲೆ ಹಗ್ಗದಿಂದ ಬೆನ್ನ ಕೆಳಗೆ ಮೂರು ಏಟು ಕೊಡುವ ಪದ್ಧತಿಯೂ ಇದೆ. ಇದು ನೋಡಿ, ಸ್ವಲ್ಪ ಅತಿಯೇ. ಬೆಟ್ಟ ಹತ್ತಲಾಗದ ಅಜ್ಜಿ ಸ್ಲೊವೇನ್ ಅಲ್ಲವೇ? ಬೇಸಗೆಯ ಶನಿವಾರ ಕಬ್ಬಿಣದ ತಂತಿ ಹಿಡಿದು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಕ್ರೆದಾರಿತ್ಸಾದ ಪಕ್ಕದ ಹಿಮನದಿ 1946ರಲ್ಲಿ ಹದಿನಾಲ್ಕು ಹೆಕ್ಟೇರಿನಷ್ಟಿತ್ತು, ಈಗ ಉಳಿದಿರುವುದು ಒಂದೆರಡು ತುಂಡು ಮಂಜು. ಮೊದಲೇ ನೀರು ನಿಲ್ಲದ ಕಲ್ಲು.

2018ರ ಶರತ್ಕಾಲದಲ್ಲಿ ಅಲ್ಯಾಜ್ ಅವರ ಗೋಪುರವನ್ನು ದುರಸ್ತಿಗೆಂದು ಹೆಲಿಕಾಪ್ಟರಿನಲ್ಲಿ ಕೆಳಗೆ ಇಳಿಸಿದರು. ಕೆಲವರು ಒಪ್ಪಲಿಲ್ಲ, ಅದನ್ನು ನೆತ್ತಿಯಿಂದ ಅಲುಗಿಸಬಾರದು ಎಂದರು. ತುಕ್ಕು, ಹಳೆಯ ಬಣ್ಣ ತೆಗೆದು, ಕೆಲವು ವಾರಗಳ ಮೇಲೆ ಮತ್ತೆ ಅದೇ ಜಾಗಕ್ಕೆ ತಂದು ಕೂರಿಸಿದರು.