ಮನೆಯ ಇನ್‌ಕ್ಯುಬೇಟರ್‌ನ ಶುಚಿತ್ವ

ಮರಿ ಹೊರಬಂದ ಇನ್‌ಕ್ಯುಬೇಟರ್‌ನಲ್ಲಿ ತುಪ್ಪಳದ ಧೂಳು, ಒಡೆದ ಚಿಪ್ಪು, ಹಿಕ್ಕೆ, ಮೊಟ್ಟೆಯ ರಸ ಉಳಿಯುತ್ತವೆ. ಕೋಳಿಮೊಟ್ಟೆಗೆ ಬೇಕಾದ 37.5 ಡಿಗ್ರಿ ಸೆಲ್ಸಿಯಸ್ ಕಾವು ಮತ್ತು ತೇವ ಬ್ಯಾಕ್ಟೀರಿಯಾಕ್ಕೂ ಹಿತವಾದದ್ದೇ. ಆದ್ದರಿಂದ ತೊಳೆಯದ ಪೆಟ್ಟಿಗೆಯಲ್ಲಿ ಮುಂದಿನ ಸರದಿಯ ಮೊಟ್ಟೆಗಳು ಕೊಳೆಯಬಹುದು, ಮರಿಗಳಿಗೆ ಹೊಕ್ಕುಳಿನ ಸೋಂಕು ತಗಲಬಹುದು; ಸಾಲ್ಮೊನೆಲ್ಲಾ ಮನುಷ್ಯರಿಗೂ ಹರಡುತ್ತದೆ. ಕೈಗವಸು, ಮುಖಗವಸು ಅಗತ್ಯ.

ಮೊದಲು ಪ್ಲಗ್ ಕಳಚಿ, ಕಸವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒಣಗಿದ್ದಾಗ ಗುಡಿಸಿದರೆ ಧೂಳು ಉಸಿರಿಗೆ ಸೇರುತ್ತದೆ. ಜಾಲರಿ, ನೀರಿನ ತಟ್ಟೆಗಳನ್ನು ಬಿಚ್ಚಿ ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಉಜ್ಜಬೇಕು. ಕೊಳೆಯ ಮೇಲೆ ಸುರಿದ ಸೋಂಕುನಿವಾರಕ ಸರಿಯಾಗಿ ಕೆಲಸ ಮಾಡದು. ಉಜ್ಜುವುದೇ ಇಲ್ಲಿ ಮುಖ್ಯ ಕೆಲಸ. ಫ್ಯಾನ್, ಹೀಟರ್, ಥರ್ಮೋಸ್ಟಾಟ್‌ಗಳಿಗೆ ನೀರು ತಗಲಬಾರದು. ಮೆತ್ತನೆಯ ಕುಂಚ ಸಾಕು. ಬಳಿಕ ಲೇಬಲ್‌ನಲ್ಲಿ ಹೇಳಿದಷ್ಟು ತೆಳುಗೊಳಿಸಿದ ಬ್ಲೀಚ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೊಳೆದು ಪೂರ್ತಿ ಒಣಗಿಸಬೇಕು.

ಸೇಲಂ–ಧರ್ಮಪುರಿ ಗಡಿಯ ತೊಪ್ಪೂರಿನಂಥ ಕಡೆ ಕೊಳವೆಬಾವಿಯ ಗಡಸು ನೀರು ಆವಿಯಾಗಿ ತಟ್ಟೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ವಿನೆಗರ್‌ನಲ್ಲಿ ನೆನೆಸಿ ಬಿಡಿಸಬಹುದು. ಆದರೆ ವಿನೆಗರನ್ನು ಬ್ಲೀಚ್ ಜೊತೆ ಎಂದೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ದೊಡ್ಡ ಹ್ಯಾಚರಿಗಳು ಬಳಸುವ ಫಾರ್ಮಾಲಿನ್ ಹೊಗೆಯೂ ಮನೆಗೆ ಅಪಾಯಕಾರಿ.

ಥರ್ಮಾಕೋಲ್ ಪೆಟ್ಟಿಗೆಯ ರಂಧ್ರಗಳಲ್ಲಿ ಕೊಳೆ ಇಳಿಯುವುದರಿಂದ ಅದು ಸಂಪೂರ್ಣ ಶುದ್ಧವಾಗುವುದು ಕಷ್ಟ. ಬಿರುಕು ಬಿಟ್ಟರೆ ಬದಲಿಸುವುದೇ ಲೇಸು. ಹೊಸ ಮೊಟ್ಟೆ ಇಡುವ ಮೊದಲು ಒಂದು ದಿನ ಖಾಲಿಯಾಗಿ ಓಡಿಸಿ ಕಾವು, ತೇವ ಸ್ಥಿರವಾಗಿವೆಯೇ ಎಂದು ನೋಡಬೇಕು.