ಬಲಿ, ಬಲಿತ, ದಲಿತ

ತಾಜಸುಲ್ತಾನಪುರದ ಹೊಲದಾಗ ತೊಗರಿ ಕಾಯಿ ಹಿಚುಕಿ ನೋಡಿ ನಮ್ಮವ್ವ ‘ಇನ್ನಾ ಬಲತಿಲ್ಲ, ತಡಿ’ ಅನ್ನುತ್ತಿದ್ದಳು. ಹೊಲ ನಮ್ಮದಲ್ಲ, ನಮ್ಮದು ಕೂಲಿ. ‘ಬಲಿ’ ಎಂಬ ಕ್ರಿಯಾಪದ ನಾನು ಕಲಿತದ್ದು ಅಲ್ಲಿಯೇ. ಆಮೇಲೆ ಕಿಟೆಲ್ಲರ 1894ರ ನಿಘಂಟಿನಲ್ಲಿಯೂ ಅದೇ ಅರ್ಥ ಸಿಕ್ಕಿತು: ಬೆಳೆ, ಗಟ್ಟಿಯಾಗು. ಇದು ಕನ್ನಡದ್ದೇ ಪದ. ತಮಿಳಿನ ‘ವಲಿಮೈ’ ಇದರ ಬಳಗ. ಆಹುತಿ ಎಂಬರ್ಥದ ಸಂಸ್ಕೃತದ ‘ಬಲಿ’ ಬೇರೆ. ನಮ್ಮ ಜನ ತಲೆತಲಾಂತರದಿಂದ ಆ ಬಲಿಯಾಗುತ್ತಲೇ ಬಂದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕನ್ನಡದ ಅರ್ಥದಲ್ಲಿ ಬಲಿಯಲು ಹೊರಟಾಗ ತಕರಾರು ಶುರುವಾಯಿತು.

‘ದಲಿತ’ ಎಂಬುದು ‘ಒಡೆ, ಸೀಳು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಕಲಬುರಗಿಯ ದಾಲ್ ಮಿಲ್ಲುಗಳ ‘ದಾಲ್’ ಕೂಡ ಅದೇ ಮೂಲದ್ದು. ಅಂಬೇಡ್ಕರ್ 1948ರ ತಮ್ಮ ಗ್ರಂಥದಲ್ಲಿ ಅಸ್ಪೃಶ್ಯರನ್ನು ‘ಒಡೆದುಹೋದ ಜನ’ ಎಂದು ಗುರುತಿಸಿದರು. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ಸ್, ಅದೇ ದಶಕದಲ್ಲಿ ನಮ್ಮ ದಲಿತ ಸಂಘರ್ಷ ಸಮಿತಿ ಈ ಒಡೆತದ ಹೆಸರನ್ನೇ ಹೋರಾಟದ ಹೆಸರು ಮಾಡಿಕೊಂಡವು.

ಈಗ ‘ಬಲಿತ ದಲಿತರು’ ಎಂಬ ಬಿರುದು ಬಂದಿದೆ. ಒಂದು ನೌಕರಿ, ಒಂದು ಪಕ್ಕಾ ಮನಿ ಆದರೆ ಸಾಕು. ‘ಬಲಿತ ಬ್ರಾಹ್ಮಣ’ ಎಂದು ಯಾರಾದರೂ ಅಂದದ್ದುಂಟೆ? ಮೇಲಿನವರಿಗೆ ‘ಪ್ರಬಲ ಕೋಮು’ ಎಂಬ ಮರ್ಯಾದೆಯ ಮಾತಿದೆ. ಅವರ ಬಲ ಹುಟ್ಟುಗುಣ, ನಮ್ಮದು ಅಪರಾಧ!

ಆದರೆ ಗೆಳೆಯರೆ, ಒಳಮೀಸಲಾತಿಗಾಗಿ ಮಾದಿಗ ಬಂಧುಗಳು ಎತ್ತಿದ ಪ್ರಶ್ನೆಯನ್ನು ಈ ಕುಹಕದ ಜೊತೆ ಸೇರಿಸಬಾರದು. ಸದಾಶಿವ ಆಯೋಗ ರಚನೆಯಾದದ್ದು 2005ರಲ್ಲಿ. ವರದಿ ಬಂದದ್ದು 2012ರಲ್ಲಿ. ರಾಜ್ಯಗಳು ಒಳವರ್ಗೀಕರಣ ಮಾಡಬಹುದೆಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಆಗಸ್ಟ್ 1ರಂದು. ಒಂದೇ ಗಿಡದಾಗ ಎಲ್ಲಾ ಕಾಯಿ ಒಮ್ಮೆಗೇ ಬಲಿಯೋದಿಲ್ಲ; ಎಳೆಯದಕ್ಕೂ ನೀರು ಬೇಕು ಅನ್ನುವುದು ನ್ಯಾಯ. ಬಲಿತದ್ದನ್ನು ತೋರಿಸಿ ಗಿಡವನ್ನೇ ಕಿತ್ತುಹಾಕಿ ಅನ್ನುವುದು ಹುನ್ನಾರ.

ಸರ್ಕಾರದ ಕಾಗದಗಳಲ್ಲಿ ಇನ್ನೊಂದು ಪದವಿದೆ: ಸಬಲೀಕರಣ. ಅಲ್ಲಿ ಮಾಡುವವನು ಒಬ್ಬ, ಮಾಡಿಸಿಕೊಳ್ಳುವವನು ಇನ್ನೊಬ್ಬ. ‘ಬಲಿ’ ಎಂಬ ಕ್ರಿಯೆಗೆ ಕಾಯಿಯೇ ಕರ್ತೃ, ಯಾರೂ ಅದನ್ನು ಬಲಿಸುವುದಿಲ್ಲ. ಹಾಗಂತ ಬರೀ ಗಾಳಿಯಲ್ಲೂ ಅದು ಬಲಿಯುವುದಿಲ್ಲ, ಬೇರಿಗೆ ನೆಲ ಬೇಕು. ನಮ್ಮವ್ವ ಹಿಚುಕಿದ ಕಾಯಿ ಬಲಿತವು, ಹೊಲ ಮಾತ್ರ ನಮ್ಮದಾಗಲಿಲ್ಲ. ಯಾರು ಬಲಿತರೆಂದು ಎಣಿಸಲು ಬರುವವರು ಮೊದಲು ಹೊಲ ಯಾರದೆಂದು ಹೇಳಲಿ.